ಆಂತರಿಕ ಸ್ಥಳಾಂತರಿತರ ಎಣಿಕೆ

ಆಂತರಿಕ ಸ್ಥಳಾಂತರಿತರ ಎಣಿಕೆ ಎಂಬುದು ಯುದ್ಧ, ಗಲಭೆ, ನೆರೆ, ಭೂಕಂಪ, ಚಂಡಮಾರುತ ಮೊದಲಾದ ಕಾರಣಗಳಿಂದ ಮನೆ ತೊರೆದು, ಸ್ವದೇಶದ ಗಡಿ ದಾಟದೆ ಬೇರೆಡೆ ಆಶ್ರಯ ಪಡೆದಿರುವ ಜನರನ್ನು ಗುರುತಿಸಿ ದಾಖಲಿಸುವ ಕಾರ್ಯವಾಗಿದೆ. ಅವರು ಎಷ್ಟು ಮಂದಿ, ಎಲ್ಲಿದ್ದಾರೆ, ಯಾವ ಸ್ಥಿತಿಯಲ್ಲಿದ್ದಾರೆ, ಮರಳಿ ನೆಲೆ ಕಂಡರೇ ಎಂಬ ಪ್ರಶ್ನೆಗಳಿಗೆ ಇದು ಉತ್ತರ ಹುಡುಕುತ್ತದೆ. ಸರ್ಕಾರಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಈ ಕೆಲಸವನ್ನು ನಡೆಸುತ್ತವೆ. ಯಾವ ಊರಿಗೆ ಎಷ್ಟು ಧಾನ್ಯ, ಎಷ್ಟು ಗುಡಾರ, ಎಷ್ಟು ಔಷಧ ಹೋಗಬೇಕೆಂಬುದು ಬಹುಮಟ್ಟಿಗೆ ಈ ಅಂಕಿಗಳನ್ನು ಆಧರಿಸಿರುವುದರಿಂದ, ಪಟ್ಟಿಯಿಂದ ಬಿಟ್ಟುಹೋದವರು ಪರಿಹಾರದಿಂದಲೂ ಬಿಟ್ಟುಹೋಗುವ ಅಪಾಯವಿರುತ್ತದೆ.

ಜಿನೀವಾದಲ್ಲಿರುವ ಆಂತರಿಕ ಸ್ಥಳಾಂತರ ನಿಗಾ ಕೇಂದ್ರದ (ಐಡಿಎಂಸಿ) ಲೆಕ್ಕದಂತೆ 2024ರ ಕೊನೆಯಲ್ಲಿ ಜಗತ್ತಿನಲ್ಲಿ 8.34 ಕೋಟಿ ಆಂತರಿಕ ಸ್ಥಳಾಂತರಿತರಿದ್ದರು. ಇವರಲ್ಲಿ ಸುಮಾರು 7.35 ಕೋಟಿ ಜನ ಸಂಘರ್ಷ ಮತ್ತು ಹಿಂಸಾಚಾರದಿಂದ, ಸುಮಾರು 98 ಲಕ್ಷ ಜನ ವಿಕೋಪಗಳಿಂದ ಮನೆ ಕಳೆದುಕೊಂಡವರು. ಸುಡಾನ್ ಒಂದರಲ್ಲೇ ಈ ಸಂಖ್ಯೆ 1.16 ಕೋಟಿಯಷ್ಟಿತ್ತು. ಒಂದೇ ದೇಶದಲ್ಲಿ ಅಷ್ಟು ಜನ ಹಿಂದೆಂದೂ ದಾಖಲಾಗಿರಲಿಲ್ಲ.

ಪದಬಳಕೆ

ಕನ್ನಡ ಪತ್ರಿಕೆಗಳಲ್ಲಿ ನಿರಾಶ್ರಿತರು, ಸಂತ್ರಸ್ತರು, ವಲಸಿಗರು ಎಂಬ ಪದಗಳು ಒಂದರ ಬದಲು ಇನ್ನೊಂದಾಗಿ ಬಳಕೆಯಾಗುತ್ತವೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇವುಗಳ ನಡುವೆ ಸ್ಪಷ್ಟ ವ್ಯತ್ಯಾಸವಿದೆ. ಕಿರುಕುಳದ ಭಯದಿಂದ ದೇಶದ ಗಡಿ ದಾಟಿದವರು 1951ರ ನಿರಾಶ್ರಿತರ ಒಡಂಬಡಿಕೆಯ ವ್ಯಾಪ್ತಿಗೆ ಬರುತ್ತಾರೆ. ಬೈಲುಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರು ಸಾಮಾನ್ಯ ಅರ್ಥದಲ್ಲಿ ನಿರಾಶ್ರಿತರೇ ಆದರೂ, ಭಾರತವು ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಗಡಿ ದಾಟದೆ ಉಳಿದವರು ಆಂತರಿಕ ಸ್ಥಳಾಂತರಿತರು. ಅವರು ತಮ್ಮದೇ ಸರ್ಕಾರದ ಹೊಣೆಯಲ್ಲಿರುತ್ತಾರೆ. ಎಷ್ಟೋ ಸಂಘರ್ಷಗಳಲ್ಲಿ ಅವರು ಓಡಿಬಂದಿರುವುದು ಆ ಸರ್ಕಾರದ ಪಡೆಗಳಿಗೆ ಹೆದರಿಯೇ.

ಅಣೆಕಟ್ಟು, ಗಣಿ, ಹೆದ್ದಾರಿ ಯೋಜನೆಗಳಿಂದ ಮನೆ ಬಿಟ್ಟವರು ಸಾಮಾನ್ಯವಾಗಿ ಈ ಅಂಕಿಗಳಲ್ಲಿ ಸೇರುವುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬಾಗಲಕೋಟೆ ಪಟ್ಟಣದ ಭಾಗಗಳು ಮುಳುಗಿ, ಅಲ್ಲಿನ ಜನರು ನವನಗರಕ್ಕೆ ಹೋಗಬೇಕಾಯಿತು. ಇಂಥವರ ಪಟ್ಟಿಗಳು ಭೂಸ್ವಾಧೀನ ಮತ್ತು ಪುನರ್ವಸತಿ ಕಚೇರಿಗಳಲ್ಲಿ ಇರುತ್ತವೆಯೇ ಹೊರತು ಐಡಿಎಂಸಿಯ ವಾರ್ಷಿಕ ಜಾಗತಿಕ ಮೊತ್ತದಲ್ಲಿ ಅಲ್ಲ.

ಇತಿಹಾಸ

ಸ್ವತಂತ್ರ ಭಾರತದ ಮೊದಲ ಜನಗಣತಿಯು (1951) ದೇಶವಿಭಜನೆಯ ತರುವಾಯ ಪಾಕಿಸ್ತಾನದಿಂದ ಬಂದವರನ್ನು ಪ್ರತ್ಯೇಕವಾಗಿ ಎಣಿಸಿತು. 70 ಲಕ್ಷಕ್ಕೂ ಹೆಚ್ಚು ಜನ ಆಗ ಸ್ಥಳಾಂತರಿತರೆಂದು ದಾಖಲಾದರು. ಅವರು ಹೊಸ ಗಡಿಯನ್ನು ದಾಟಿ ಬಂದವರು. ದೇಶದೊಳಗೇ ಚದುರಿದವರನ್ನು ಎಣಿಸುವ ಜಾಗತಿಕ ಪ್ರಯತ್ನ ಬಹಳ ತಡವಾಗಿ ಆರಂಭವಾಯಿತು. 1982ರಲ್ಲಿ ಮಾಡಿದ ಮೊದಲ ಅಂದಾಜು 11 ದೇಶಗಳಲ್ಲಿ 12 ಲಕ್ಷ ಎಂದಿತ್ತು. 1995ರ ಹೊತ್ತಿಗೆ ಅದು 40 ದೇಶಗಳಲ್ಲಿ 2ರಿಂದ 2.5 ಕೋಟಿಗೆ ಏರಿತು. ಈ ಏರಿಕೆಯಲ್ಲಿ ಎಷ್ಟು ಪಾಲು ನಿಜವಾಗಿ ಹೆಚ್ಚಿದ ಸ್ಥಳಾಂತರದ್ದು, ಎಷ್ಟು ಪಾಲು ಹುಡುಕುವವರು ಹೆಚ್ಚಾದುದರ ಫಲ ಎಂದು ಬೇರ್ಪಡಿಸುವುದು ಕಷ್ಟ.

1992ರಲ್ಲಿ ಸುಡಾನಿನ ರಾಜತಂತ್ರಜ್ಞ ಫ್ರಾನ್ಸಿಸ್ ಡೆಂಗ್ ಅವರನ್ನು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯವರು ಈ ವಿಷಯಕ್ಕೆ ತಮ್ಮ ಪ್ರತಿನಿಧಿಯನ್ನಾಗಿ ನೇಮಿಸಿದರು. ಅವರ ನೇತೃತ್ವದಲ್ಲಿ ಸಿದ್ಧವಾದ 30 ಮಾರ್ಗದರ್ಶಿ ಸೂತ್ರಗಳು 1998ರಲ್ಲಿ ಮಾನವ ಹಕ್ಕುಗಳ ಆಯೋಗದ ಮುಂದೆ ಮಂಡನೆಯಾದವು. ಇವು ಕಾನೂನಿನ ಬಲವುಳ್ಳ ಒಪ್ಪಂದವಲ್ಲ. ಆದರೂ ಯಾರನ್ನು ಎಣಿಸಬೇಕು ಎಂಬುದಕ್ಕೆ ಇಂದಿಗೂ ಇವುಗಳ ವ್ಯಾಖ್ಯೆಯೇ ಆಧಾರ. ಅದೇ ವರ್ಷ ನಾರ್ವೆಯ ನಿರಾಶ್ರಿತರ ಮಂಡಳಿಯು ಆರಂಭಿಸಿದ ಯೋಜನೆಯೇ ಮುಂದೆ ಐಡಿಎಂಸಿ ಆಯಿತು. ಆಫ್ರಿಕಾ ಒಕ್ಕೂಟವು 2009ರಲ್ಲಿ ಅಂಗೀಕರಿಸಿದ ಕಂಪಾಲಾ ಒಡಂಬಡಿಕೆಯು 2012ರಲ್ಲಿ ಜಾರಿಗೆ ಬಂದು, ಸದಸ್ಯ ರಾಷ್ಟ್ರಗಳನ್ನು ಕಾನೂನುಬದ್ಧವಾಗಿ ಹೊಣೆಗಾರರನ್ನಾಗಿ ಮಾಡಿತು. ಎಣಿಕೆಯ ವಿಧಾನಗಳ ಬಗೆಗಿನ ಅಂತರರಾಷ್ಟ್ರೀಯ ಶಿಫಾರಸುಗಳನ್ನು ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗವು 2020ರಲ್ಲಿ ಒಪ್ಪಿಕೊಂಡಿತು.

ಅಂಕಿಗಳ ಎರಡು ಬಗೆ

ಸ್ಥಳಾಂತರದ ವರದಿಗಳಲ್ಲಿ ಎರಡು ಬೇರೆ ಬೇರೆ ಸಂಖ್ಯೆಗಳಿರುತ್ತವೆ. ಒಂದು ನಿರ್ದಿಷ್ಟ ದಿನದಂದು ಮನೆಯಿಂದ ದೂರವಿರುವ ಜನರ ಸಂಖ್ಯೆ. ಇನ್ನೊಂದು ಒಂದು ವರ್ಷದಲ್ಲಿ ನಡೆದ ಸ್ಥಳಾಂತರಗಳ ಸಂಖ್ಯೆ. ಒಂದೇ ಕುಟುಂಬ ವರ್ಷದಲ್ಲಿ ಮೂರು ಸಲ ಓಡಿಹೋದರೆ ಮೊದಲನೆಯದರಲ್ಲಿ ಅದು ಒಮ್ಮೆ, ಎರಡನೆಯದರಲ್ಲಿ ಮೂರು ಸಲ ಲೆಕ್ಕಕ್ಕೆ ಬರಬಹುದು. 2024ರಲ್ಲಿ ಜಗತ್ತಿನಲ್ಲಿ 6.58 ಕೋಟಿ ಸ್ಥಳಾಂತರಗಳು ದಾಖಲಾದವು. ಅವುಗಳಲ್ಲಿ 4.58 ಕೋಟಿ ವಿಕೋಪಗಳಿಂದ ಆದವು. ಹಾಗಿದ್ದೂ ವರ್ಷದ ಕೊನೆಗೆ ಮನೆಯಿಂದ ದೂರ ಉಳಿದವರಲ್ಲಿ ವಿಕೋಪಪೀಡಿತರು ಎಂಟನೇ ಒಂದು ಭಾಗಕ್ಕಿಂತ ಕಡಿಮೆ. ನೆರೆ ಇಳಿದ ಮೇಲೆ ಬಹುಪಾಲು ಜನ ಮರಳುವುದು ಇದಕ್ಕೆ ಒಂದು ಕಾರಣ. ನೆರೆ ಇಳಿದ ಮೇಲೆ ಎಣಿಸುವವರೂ ಹೊರಟುಹೋಗುವುದು ಇನ್ನೊಂದು ಕಾರಣ.

ವಿಧಾನಗಳು

ಅಂತರರಾಷ್ಟ್ರೀಯ ವಲಸೆ ಸಂಸ್ಥೆಯು (ಐಒಎಂ) 2004ರಲ್ಲಿ ಇರಾಕಿನಲ್ಲಿ ರೂಪಿಸಿದ ಸ್ಥಳಾಂತರ ನಿಗಾ ವ್ಯವಸ್ಥೆ (ಡಿಟಿಎಂ) ಇಂದು ಅತಿ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಕ್ಷೇತ್ರ ಕಾರ್ಯಕರ್ತರು ಮನೆಮನೆಗೆ ಹೋಗುವುದು ಕಡಿಮೆ. ಊರಿನ ಮುಖ್ಯಸ್ಥ, ಶಾಲಾ ಶಿಕ್ಷಕ, ಆರೋಗ್ಯ ಕಾರ್ಯಕರ್ತೆ, ಧಾರ್ಮಿಕ ಮುಖಂಡ ಮುಂತಾದ ಬಲ್ಲವರನ್ನು ಕೇಳಿ, ಎಷ್ಟು ಕುಟುಂಬಗಳು ಎಲ್ಲಿಂದ ಬಂದಿವೆ, ನೀರು ಮತ್ತು ಶೌಚಾಲಯದ ಸ್ಥಿತಿ ಏನು ಎಂಬುದನ್ನು ದಾಖಲಿಸುತ್ತಾರೆ. ಕೆಲವು ವಾರಗಳಿಗೊಮ್ಮೆ ಅದೇ ಸ್ಥಳಕ್ಕೆ ಮರಳಿ ಹೋಗಿ ಸಂಖ್ಯೆಯನ್ನು ತಿದ್ದುತ್ತಾರೆ. ವಿಧಾನ ಶೀಘ್ರವಾದದ್ದು, ಖರ್ಚೂ ಕಡಿಮೆ. ಆದರೆ ಉತ್ತರ ಕೊಡುವವರಿಗೆ ತಮ್ಮ ಊರಿನ ಸಂಖ್ಯೆ ಹೆಚ್ಚಾದಷ್ಟೂ ನೆರವು ಹೆಚ್ಚುತ್ತದೆಂಬ ನಿರೀಕ್ಷೆ ಇರಬಹುದು. ಆದ್ದರಿಂದ ಒಂದೇ ಸ್ಥಳದ ಬಗ್ಗೆ ಹಲವರನ್ನು ಕೇಳಿ ತಾಳೆ ನೋಡುತ್ತಾರೆ.

ಕುಟುಂಬಗಳ ನೇರ ನೋಂದಣಿ ಹೆಚ್ಚು ನಿಖರ, ಆದರೆ ನಿಧಾನ. ರಸ್ತೆಗಳು ಸುರಕ್ಷಿತವಲ್ಲದ ಕಡೆ ದೂರವಾಣಿ ಸಮೀಕ್ಷೆ ನಡೆಯುತ್ತದೆ. 2022ರ ಮಾರ್ಚಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಮೂರು ವಾರ ತುಂಬುವುದರೊಳಗೆ, ಯಾದೃಚ್ಛಿಕವಾಗಿ ಆರಿಸಿದ ಸಂಖ್ಯೆಗಳಿಗೆ ಕರೆ ಮಾಡಿ ಸುಮಾರು 2,000 ಜನರನ್ನು ಮಾತನಾಡಿಸಿದ ಐಒಎಂ, ದೇಶದೊಳಗೆ ಸುಮಾರು 64.8 ಲಕ್ಷ ಜನ ಮನೆ ಬಿಟ್ಟಿದ್ದಾರೆಂದು ಅಂದಾಜಿಸಿತು.

ಇನ್ನೊಂದು ಪರೋಕ್ಷ ವಿಧಾನವೂ ಇದೆ. ವಿಕೋಪದಲ್ಲಿ ಪೂರ್ಣ ನಾಶವಾದ ಮನೆಗಳ ಸಂಖ್ಯೆಯನ್ನು ಆ ದೇಶದ ಸರಾಸರಿ ಕುಟುಂಬದ ಗಾತ್ರದಿಂದ ಗುಣಿಸುವುದೇ ಅದು. ಜನರ ಬಗ್ಗೆ ಬೇರಾವ ಮಾಹಿತಿಯೂ ಸಿಗದಿದ್ದಾಗ ಐಡಿಎಂಸಿ ಇದನ್ನು ಅನುಸರಿಸುತ್ತದೆ. ಬಾಡಿಗೆಗಿದ್ದ ಎರಡು ಮೂರು ಕುಟುಂಬಗಳ ಮನೆಯೂ ಈ ಲೆಕ್ಕದಲ್ಲಿ ಒಂದೇ ಮನೆಯಾಗಿಬಿಡಬಹುದು.

ಹೈಟಿಯ ಅನುಭವ

ಎಣಿಕೆಯ ಶಕ್ತಿ ಮತ್ತು ಮಿತಿಗಳೆರಡೂ ಸ್ಪಷ್ಟವಾಗಿ ಕಂಡದ್ದು ಹೈಟಿಯಲ್ಲಿ. 2010ರ ಜನವರಿ 12ರ ಭೂಕಂಪವು ರಾಜಧಾನಿ ಪೋರ್ಟೋ ಪ್ರಿನ್ಸ್ ಅನ್ನು ನೆಲಸಮ ಮಾಡಿತು. ಲಕ್ಷಾಂತರ ಜನ ನಗರ ಬಿಟ್ಟು ಹಳ್ಳಿಗಳಿಗೆ ಹೋದರು. ಯಾವ ದಿಕ್ಕಿಗೆ ಎಷ್ಟು ಜನ ಹೋದರೆಂದು ತಿಳಿಯದೆ ನೆರವು ಕಳುಹಿಸುವುದು ಕಷ್ಟವಾಗಿತ್ತು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಲೀನಸ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಡಿಜಿಸೆಲ್ ಮೊಬೈಲ್ ಕಂಪನಿಯಿಂದ 19 ಲಕ್ಷ ಸಿಮ್‌ಗಳ ಮಾಹಿತಿಯನ್ನು, ಬಳಕೆದಾರರ ಗುರುತು ತೆಗೆದುಹಾಕಿ, ಪಡೆದರು. ಪ್ರತಿ ಸಿಮ್ ಯಾವ ಟವರಿನ ಬಳಿ ಕರೆ ಮಾಡಿತು ಎಂಬುದೊಂದೇ ಅವರಿಗೆ ಬೇಕಾಗಿದ್ದುದು. ಭೂಕಂಪದ ದಿನ ರಾಜಧಾನಿಯಲ್ಲಿದ್ದ ಸುಮಾರು 6.3 ಲಕ್ಷ ಜನ 19 ದಿನಗಳ ನಂತರ ಅಲ್ಲಿರಲಿಲ್ಲ ಎಂಬುದು ಅವರು ಕಂಡುಕೊಂಡ ಅಂದಾಜು. ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು.

ಮರುವರ್ಷ ಪ್ರಕಟವಾದ ಮುಂದುವರಿದ ಅಧ್ಯಯನವು ಇನ್ನೂ ಕುತೂಹಲಕರವಾದುದನ್ನು ತೋರಿಸಿತು. ನಗರ ಬಿಟ್ಟವರು ದಿಕ್ಕುಗೆಟ್ಟು ಚದುರಿರಲಿಲ್ಲ. ಕೆಲವೇ ವಾರಗಳ ಹಿಂದೆ ಕ್ರಿಸ್‌ಮಸ್ ಮತ್ತು ಹೊಸ ವರ್ಷವನ್ನು ಯಾವ ಊರಿನಲ್ಲಿ ಕಳೆದಿದ್ದರೋ ಬಹುಮಟ್ಟಿಗೆ ಅದೇ ಊರಿಗೆ ಹೋಗಿದ್ದರು. ಹಬ್ಬಕ್ಕೆ ಹೋಗುವ ಊರೇ ಆಪತ್ತಿನಲ್ಲೂ ಹೋಗುವ ಊರು ಎಂಬುದು ನಮ್ಮ ಓದುಗರಿಗೆ ವಿವರಿಸಬೇಕಾದ ಸಂಗತಿಯೇನಲ್ಲ. ಆದರೆ ವಿಕೋಪಕ್ಕೆ ಮೊದಲೇ ಜನರ ಹೋಗುದಾರಿಯನ್ನು ಊಹಿಸಬಹುದೆಂಬುದಕ್ಕೆ ಅಂಕಿಗಳ ಆಧಾರ ದೊರೆತದ್ದು ಆಗಲೇ. 2015ರ ಏಪ್ರಿಲ್‌ನ ನೇಪಾಳ ಭೂಕಂಪದಲ್ಲಿ ಇದೇ ವಿಧಾನದಿಂದ, ಕಠ್ಮಂಡು ಕಣಿವೆಯಿಂದ ಸಾಮಾನ್ಯಕ್ಕಿಂತ ಸುಮಾರು 3.9 ಲಕ್ಷ ಹೆಚ್ಚು ಜನ ಹೊರಹೋದರೆಂದು ಅಂದಾಜಿಸಲಾಯಿತು. ಮೊಬೈಲ್ ಇಲ್ಲದ ಮಕ್ಕಳು, ವೃದ್ಧರು ಹಾಗೂ ಕಡುಬಡವರು ನೇರವಾಗಿ ಕಾಣಿಸದಿರುವುದು ಈ ವಿಧಾನದ ದೊಡ್ಡ ಕೊರತೆ.

ಹೈಟಿಯಲ್ಲಿ ನಗರದಲ್ಲೇ ಉಳಿದವರು ಶಿಬಿರಗಳನ್ನು ಸೇರಿದರು. ಡಿಟಿಎಂ ಪ್ರಕಾರ 2010ರ ಜುಲೈನಲ್ಲಿ 1,500ಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 15 ಲಕ್ಷ ಜನರಿದ್ದರು. ಬಳಿಕ ಸಂಖ್ಯೆ ಇಳಿಯುತ್ತ ಬಂತು. ಒಂದು ವರ್ಷದ ಬಾಡಿಗೆಗೆಂದು ಕುಟುಂಬಕ್ಕೆ 500 ಡಾಲರ್ ಕೊಟ್ಟು ಹಲವು ಶಿಬಿರಗಳನ್ನು ಮುಚ್ಚಲಾಯಿತು. ಕೆಲವೆಡೆ ಜಮೀನಿನ ಮಾಲೀಕರು ಜನರನ್ನು ಬಲವಂತವಾಗಿ ಎಬ್ಬಿಸಿದರು. ಎರಡೂ ಸಂದರ್ಭಗಳಲ್ಲಿ ಅಂಕಿ ಇಳಿದದ್ದು ಒಂದೇ ರೀತಿಯಲ್ಲಿ.

2013ರಲ್ಲಿ ರಾಜಧಾನಿಯ ಉತ್ತರಕ್ಕಿರುವ ಕನಾನ್, ಜೆರುಸಲೇಮ್, ಓನಾವಿಲ್ ಎಂಬ ಮೂರು ನೆಲೆಗಳನ್ನು ಹೈಟಿ ಸರ್ಕಾರದ ಕೋರಿಕೆಯಂತೆ ಪಟ್ಟಿಯಿಂದ ಕೈಬಿಡಲಾಯಿತು. ಅವು ಶಿಬಿರಗಳಲ್ಲ, ನಗರ ಯೋಜನೆ ಬೇಕಿರುವ ಹೊಸ ಬಡಾವಣೆಗಳು ಎಂಬುದು ಕೊಟ್ಟ ಕಾರಣ. ವಾದದಲ್ಲಿ ಹುರುಳಿತ್ತು, ಏಕೆಂದರೆ ಜನ ಅಲ್ಲಿ ಗೋಡೆ ಕಟ್ಟಿಕೊಂಡು ನೆಲೆಸತೊಡಗಿದ್ದರು. ಆದರೆ 50,000ಕ್ಕೂ ಹೆಚ್ಚು ಜನ ಒಂದೇ ವರದಿಯಲ್ಲಿ ಸ್ಥಳಾಂತರಿತರ ಸಂಖ್ಯೆಯಿಂದ ಹೊರಬಂದರು. ಅವರಾರೂ ಅದಕ್ಕಾಗಿ ಒಂದು ಹೆಜ್ಜೆಯೂ ಸರಿದಿರಲಿಲ್ಲ.

ಸ್ಥಳಾಂತರ ಕೊನೆಗೊಳ್ಳುವುದು ಯಾವಾಗ

ಎಣಿಕೆಯಲ್ಲಿ ಅತ್ಯಂತ ವಿವಾದಕ್ಕೊಳಗಾದ ಪ್ರಶ್ನೆ ಇದು. ವಿಶ್ವಸಂಸ್ಥೆಯ ಅಂತರಸಂಸ್ಥಾ ಸಮಿತಿಯು 2010ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, ಮೂಲ ಊರಿಗೆ ಮರಳಿದರೂ, ಬಂದಲ್ಲೇ ಉಳಿದರೂ, ಮೂರನೆಯ ಊರಿಗೆ ಹೋದರೂ ಸರಿ, ಸ್ಥಳಾಂತರದಿಂದಾದ ವಿಶೇಷ ತೊಂದರೆಗಳು ನಿವಾರಣೆಯಾಗಿರಬೇಕು. ಇದನ್ನು ಅಳೆಯಲು ಸುರಕ್ಷತೆ, ಜೀವನಮಟ್ಟ, ಉದ್ಯೋಗ, ಆಸ್ತಿ, ದಾಖಲೆಪತ್ರ ಮೊದಲಾದ ಎಂಟು ಮಾನದಂಡಗಳಿವೆ. ಇಷ್ಟನ್ನೂ ಪರೀಕ್ಷಿಸುವ ಸಮೀಕ್ಷೆಗಳು ವಿರಳ. ರೂಢಿಯಲ್ಲಿ ಶಿಬಿರ ಮುಚ್ಚಿದ ದಿನಾಂಕವೇ ಕೊನೆಯ ದಿನಾಂಕವಾಗುವುದುಂಟು.

ಇದಕ್ಕೆ ವಿರುದ್ಧ ದಿಕ್ಕಿನ ಸಮಸ್ಯೆ ಕೊಲಂಬಿಯಾದ್ದು. 1997ರ 387ನೇ ಕಾನೂನು ಅಲ್ಲಿ ಸ್ಥಳಾಂತರಿತರಿಗೆ ಕಾನೂನಿನ ಮನ್ನಣೆ ಕೊಟ್ಟಿತು. ನೆರವು ಸಮರ್ಪಕವಾಗಿ ತಲುಪುತ್ತಿಲ್ಲವೆಂದು ಸಲ್ಲಿಕೆಯಾದ ಅರ್ಜಿಗಳ ಮೇಲೆ ಸಂವಿಧಾನ ನ್ಯಾಯಾಲಯವು 2004ರಲ್ಲಿ ಟಿ-025 ತೀರ್ಪು ನೀಡಿ, ಇಡೀ ಪರಿಸ್ಥಿತಿಯೇ ಸಂವಿಧಾನಬಾಹಿರವೆಂದು ಘೋಷಿಸಿತು. 2011ರ ಸಂತ್ರಸ್ತರ ಕಾನೂನಿನಡಿ ರಚನೆಯಾದ ಏಕೀಕೃತ ನೋಂದಣಿಯಲ್ಲಿ 80 ಲಕ್ಷಕ್ಕೂ ಹೆಚ್ಚು ಸ್ಥಳಾಂತರಿತರ ಹೆಸರುಗಳಿವೆ. ಇದು 1980ರ ದಶಕದಿಂದ ಕೂಡುತ್ತ ಬಂದ ಮೊತ್ತ. ಪರಿಹಾರದ ಹಕ್ಕಿಗೆ ಆಧಾರವಾದ್ದರಿಂದ, ಹೊಸ ಊರಿನಲ್ಲಿ ನೆಲೆ ಕಂಡುಕೊಂಡ ಮಾತ್ರಕ್ಕೆ ಹೆಸರು ಅಳಿಸಿಹೋಗುವುದಿಲ್ಲ. ಹೀಗಾಗಿ ಇಂದು ಎಷ್ಟು ಜನ ಮನೆಯಿಲ್ಲದಿದ್ದಾರೆ ಎಂಬ ಪ್ರಶ್ನೆಗೆ ಆ ನೋಂದಣಿಯಿಂದ ನೇರ ಉತ್ತರ ಸಿಗದು.

ಭಾರತದಲ್ಲಿ

ಭಾರತದಲ್ಲಿ ಆಂತರಿಕ ಸ್ಥಳಾಂತರಿತರಿಗೆಂದೇ ರಾಷ್ಟ್ರೀಯ ಕಾನೂನಿಲ್ಲ. 1990ರಿಂದ ಕಾಶ್ಮೀರ ಕಣಿವೆ ತೊರೆದ ಪಂಡಿತರು ಸರ್ಕಾರಿ ದಾಖಲೆಗಳಲ್ಲಿ ‘ವಲಸಿಗರು’ ಎಂದು ನೋಂದಣಿಯಾಗಿದ್ದಾರೆ. ಈ ಪದವನ್ನು ಅವರಲ್ಲಿ ಹಲವರು ಆಕ್ಷೇಪಿಸುತ್ತ ಬಂದಿದ್ದಾರೆ. 1997ರಲ್ಲಿ ಮಿಜೋರಾಂನಿಂದ ಓಡಿಬಂದ ಬ್ರೂ ಸಮುದಾಯದವರು ಎರಡು ದಶಕಕ್ಕೂ ಹೆಚ್ಚು ಕಾಲ ಉತ್ತರ ತ್ರಿಪುರಾದ ಶಿಬಿರಗಳಲ್ಲಿದ್ದರು. 2020ರ ಜನವರಿಯ ಒಪ್ಪಂದವು ಸುಮಾರು 34,000 ಜನರಿಗೆ ತ್ರಿಪುರಾದಲ್ಲೇ ನಿವೇಶನ, ಧನಸಹಾಯ ಮತ್ತು ಮತದಾರರ ಪಟ್ಟಿಯಲ್ಲಿ ಸ್ಥಾನ ನೀಡಲು ಒಪ್ಪಿತು. ಮಣಿಪುರದಲ್ಲಿ 2023ರ ಮೇ ತಿಂಗಳಲ್ಲಿ ಆರಂಭವಾದ ಹಿಂಸಾಚಾರದಿಂದ ಆ ವರ್ಷ ಸುಮಾರು 67,000 ಸ್ಥಳಾಂತರಗಳಾದವೆಂದು ಐಡಿಎಂಸಿ ದಾಖಲಿಸಿದೆ.

ಸಂಖ್ಯೆಯ ದೃಷ್ಟಿಯಿಂದ ವಿಕೋಪಗಳೇ ಇಲ್ಲಿ ಮುಖ್ಯ ಕಾರಣ. ಆದರೆ ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. 1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. 2019ರ ಫನಿ ಚಂಡಮಾರುತಕ್ಕೆ ಮುನ್ನ ಅದೇ ರಾಜ್ಯ ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಕಟ್ಟಡಗಳಿಗೆ ಸಾಗಿಸಿದ್ದರಿಂದ ಸಾವುಗಳು ಬಹಳ ಕಡಿಮೆಯಾದವು. 2020ರ ಅಂಫಾನ್ ಚಂಡಮಾರುತದಿಂದ ಭಾರತ, ಬಾಂಗ್ಲಾದೇಶ ಸೇರಿ ಸುಮಾರು 50 ಲಕ್ಷ ಸ್ಥಳಾಂತರಗಳಾದವು. ಇವುಗಳಲ್ಲಿ ಬಹುಪಾಲು ಮುನ್ನೆಚ್ಚರಿಕೆಯ ತೆರವು. ಅಂದರೆ ಸ್ಥಳಾಂತರದ ದೊಡ್ಡ ಸಂಖ್ಯೆ ಆಡಳಿತದ ಸೋಲನ್ನೇ ಸೂಚಿಸಬೇಕೆಂದಿಲ್ಲ. ತೆರವುಗೊಂಡವರಲ್ಲಿ ಮನೆ ಕಳೆದುಕೊಂಡವರೆಷ್ಟು ಎಂಬ ಎರಡನೆಯ ಎಣಿಕೆ ನಡೆದರೆ ಮಾತ್ರ ನಿಜವಾದ ನಷ್ಟ ತಿಳಿಯುತ್ತದೆ.

ಕರ್ನಾಟಕದಲ್ಲಿ 2009ರ ಅಕ್ಟೋಬರ್‌ನ ಉತ್ತರ ಕರ್ನಾಟಕದ ನೆರೆ, 2018ರ ಕೊಡಗಿನ ಭೂಕುಸಿತ, 2019ರ ಕೃಷ್ಣಾ ಕಣಿವೆಯ ಪ್ರವಾಹಗಳು ದೊಡ್ಡ ಪ್ರಮಾಣದ ಸ್ಥಳಾಂತರಕ್ಕೆ ಕಾರಣವಾದವು. ಹಿಂದೆ ಗಂಜಿ ಕೇಂದ್ರವೆಂದೂ ಈಗ ಕಾಳಜಿ ಕೇಂದ್ರವೆಂದೂ ಕರೆಯುವ ತಾತ್ಕಾಲಿಕ ಆಶ್ರಯಗಳಲ್ಲಿ ಇರುವವರ ಸಂಖ್ಯೆಯನ್ನು ಜಿಲ್ಲಾಡಳಿತ ವರದಿ ಮಾಡುತ್ತದೆ. ಎತ್ತರದ ಊರಿನ ನೆಂಟರ ಮನೆಗೆ ಹೋದವರು, ದನಕರುಗಳನ್ನು ಬಿಟ್ಟು ಬರಲಾಗದೆ ಗುಡ್ಡದ ಮೇಲೆ ತಾಡಪಾಲು ಕಟ್ಟಿಕೊಂಡವರು ಈ ಸಂಖ್ಯೆಯಲ್ಲಿ ಸೇರುವುದಿಲ್ಲ.

ವ್ಯಕ್ತಿಗಳ ಪತ್ತೆ ಮತ್ತು ಮಾಹಿತಿಯ ಸುರಕ್ಷತೆ

ಸಮೂಹದ ಎಣಿಕೆಗಿಂತ ಭಿನ್ನವಾದುದು ಕಾಣೆಯಾದ ಒಬ್ಬೊಬ್ಬರನ್ನೇ ಹುಡುಕಿ ಕುಟುಂಬಕ್ಕೆ ಸೇರಿಸುವ ಕೆಲಸ. ರೆಡ್ ಕ್ರಾಸ್ 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದ ಕಾಲದಲ್ಲಿ ಬಾಸೆಲ್ ನಗರದಲ್ಲಿ ಇದನ್ನು ಆರಂಭಿಸಿತು. ಮೊದಲ ಮಹಾಯುದ್ಧದಲ್ಲಿ ಜಿನೀವಾದ ಅದರ ಕಚೇರಿಯಲ್ಲಿ ಸುಮಾರು 70 ಲಕ್ಷ ಸೂಚಿ ಚೀಟಿಗಳು ಸಿದ್ಧವಾದವು. 2010ರ ಹೈಟಿ ಭೂಕಂಪದ ವೇಳೆ ಗೂಗಲ್ ‘ಪರ್ಸನ್ ಫೈಂಡರ್’ ಎಂಬ ಅಂತರಜಾಲ ಸೇವೆಯನ್ನು ಆರಂಭಿಸಿತು. 2013ರ ಉತ್ತರಾಖಂಡದ ಪ್ರವಾಹದಲ್ಲಿ ಅದು ಹಿಂದಿಯಲ್ಲೂ ಲಭ್ಯವಿತ್ತು.

ಸಂಘರ್ಷದ ಪ್ರದೇಶದಲ್ಲಿ ಹೆಸರು, ಊರು, ಸಮುದಾಯಗಳ ಪಟ್ಟಿಯು ತಪ್ಪು ಕೈಗೆ ಸಿಕ್ಕರೆ ಅದೇ ಜನರನ್ನು ಬೇಟೆಯಾಡಲು ಬಳಕೆಯಾಗಬಹುದು. ಆದ್ದರಿಂದ ಡಿಟಿಎಂ ಪ್ರಕಟಿಸುವ ವರದಿಗಳಲ್ಲಿ ವ್ಯಕ್ತಿಗಳ ಹೆಸರಿರುವುದಿಲ್ಲ. 2022ರ ಜನವರಿಯಲ್ಲಿ ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಯ ಮಾಹಿತಿಕೋಶಕ್ಕೆ ನುಸುಳುಕೋರರು ಪ್ರವೇಶಿಸಿದ್ದು ಬೆಳಕಿಗೆ ಬಂತು. ಕುಟುಂಬದಿಂದ ಬೇರ್ಪಟ್ಟವರು, ಕಾಣೆಯಾದವರು, ಬಂಧನದಲ್ಲಿರುವವರು ಸೇರಿ 5.15 ಲಕ್ಷಕ್ಕೂ ಹೆಚ್ಚು ಜನರ ವಿವರಗಳು ಅದರಲ್ಲಿದ್ದವು. ಸಮಿತಿಯು ಪತ್ತೆ ಕಾರ್ಯದ ಗಣಕ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಬೇಕಾಯಿತು.