ಸುರಪುರದ ದಂಡಿನ ಕಟ್ಟು

ದಂಡಿನ ಬಲವನ್ನು ತಲೆಯೆಣಿಕೆಯಿಂದಲೇ ಅಳೆಯುವವರು ಸುರಪುರದ ಸೀಮೆಯ ವಾಗಣಗೇರಿ ಕೋಟೆಯನ್ನೊಮ್ಮೆ ನೋಡತಕ್ಕದ್ದು. 1705ರ ಫೆಬ್ರವರಿಯಲ್ಲಿ ಔರಂಗಜೇಬ ಬಾದಶಹನು ಸ್ವತಃ ಇದನ್ನು ಮುತ್ತಿದನು. ಅದೇ ಅವನ ಕಡೆಯ ಮುತ್ತಿಗೆ.

ಮೊಗಲರದು ಮನಸಬದಾರಿಯ ಕಟ್ಟು. ಸರದಾರನಿಗೊಂದು ದರ್ಜೆ, ದರ್ಜೆಗೆ ತಕ್ಕ ಸವಾರರು, ಅವರ ವೆಚ್ಚಕ್ಕೆ ಜಹಗೀರು. ಜಹಗೀರು ಆಗಾಗ ಕೈ ಬದಲಾಗುತ್ತಿದ್ದುದರಿಂದ ಆ ದಂಡಿಗೆ ತನ್ನದೆಂಬ ನೆಲವಿರಲಿಲ್ಲ. ಪಿಡ್ಡನಾಯಕನ ಬೇಡರದಾದರೋ ಬೇರೆಯೇ ಬಗೆ. ಚಾಕರಿಗೆ ಪ್ರತಿಯಾಗಿ ಭೂಮಿ. ಕರೆ ಬಂದರೆ ಒಕ್ಕಲಿಗನೇ ತುಪಾಕಿ ಹಿಡಿದ ಬಂಟ. ಪ್ರಜೆಗಳೇ ಸೈನಿಕರಾಗುವ ಸ್ವಿಟ್ಝರ್ಲಂಡಿನ ಪದ್ಧತಿಯು ಇದಕ್ಕೆ ದೂರದ ಬಂಧುವೆನ್ನಬಹುದು. ಆದರೆ ಅಲ್ಲಿಯ ಋಣವು ರಾಜ್ಯಕ್ಕೆ, ಇಲ್ಲಿಯದು ನಾಯಕನಿಗೆ.

ಏಪ್ರಿಲಿನಲ್ಲಿ ಕೋಟೆ ಬಿದ್ದಿತು. ನಾಯಕನು ಮಾತ್ರ ಸಿಕ್ಕಲಿಲ್ಲ, ರಾತ್ರಿಯಲ್ಲಿಯೇ ಪಾರಾಗಿದ್ದನು. ಹಳ್ಳಿಹಳ್ಳಿಯಲ್ಲಿ ಬೇರೂರಿದ ದಂಡನ್ನು ಒಂದು ಕೋಟೆಯೊಡನೆ ಹಿಡಿಯಲು ಬರುವದಿಲ್ಲ.

ಮುಂದೆ ಸುರಪುರಕ್ಕೆ ನಿಜಾಮನು ಮೇಲೊಡೆಯನಾದನು. ಅವನ ಸೀಮೆಯಲ್ಲಿ ಮೂರನೆಯ ಬಗೆಯೊಂದು ಬೆಳೆಯಿತು. ಹೈದರಾಬಾದ ಕಂಟಿಂಜಂಟ್ ದಂಡಿಗೆ ವೇತನ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು! ಅದರ ವೆಚ್ಚದ ಬಾಕಿಗಾಗಿ 1853ರಲ್ಲಿ ಬೆರಾರ ಪ್ರಾಂತವನ್ನೇ ಅವರ ಕೈಗೊಪ್ಪಿಸಬೇಕಾಯಿತು. ಸಾಕಿದ ದಂಡೇ ಸಾಕಿದವನ ನೆಲವನ್ನು ನುಂಗಿದ ಈ ಸೋಜಿಗವನ್ನು ವಾಚಕರು ಗಮನಿಸಬೇಕು.

1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಪಡೆಗಳು ಸುರಪುರದ ಮೇಲೆ ಬಂದವು. ರಾಜಾ ವೆಂಕಟಪ್ಪನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಆ ವರ್ಷವೇ ತೀರಿಕೊಂಡನು. 1860ರಲ್ಲಿ ಸಂಸ್ಥಾನವನ್ನು ಇಂಗ್ಲಿಷರು ನಿಜಾಮನಿಗೆ ಕೊಟ್ಟರು. ಬೇಡರ ಹೊಲಗಳು ಅಲ್ಲಿಯೇ ಉಳಿದವು. ಕರೆ ಕಳಿಸುವ ನಾಯಕನಿರಲಿಲ್ಲ.