ಬಿಸಿಯಾದ ಪಾದ, ನೆಟ್ಟಗಿರುವ ಎಕ್ಸ್‌ರೇ: ಶಾರ್ಕೊ ಕೀಲಿನ ಗುರುತು ಕುರಿತ ಟಿಪ್ಪಣಿ

ನೋವು ತಿಳಿಯದ ಕೀಲು ತನ್ನನ್ನು ತಾನು ಕಾಯ್ದುಕೊಳ್ಳಲಾರದು. ಬೆನ್ನುಹುರಿಯ ಸಿಫಿಲಿಸ್‌ನಿಂದ ಬಳಲುತ್ತಿದ್ದವರ ಕೀಲುಗಳು ಕುಸಿಯುವುದನ್ನು ಪ್ಯಾರಿಸ್ಸಿನ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ವಿವರಿಸಿದಾಗ ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1895ರಲ್ಲಿ. ಮಧುಮೇಹಕ್ಕೂ ಕೀಲುಗಳ ಈ ಕುಸಿತಕ್ಕೂ ಇರುವ ನಂಟನ್ನು ಡಬ್ಲ್ಯು. ಆರ್. ಜೋರ್ಡನ್ 1936ರಲ್ಲಿ ಗುರುತಿಸಿದರು. ಇಂದು ನಮ್ಮಲ್ಲಿ ಈ ರೋಗ ಹೆಚ್ಚಾಗಿ ಕಾಣುವುದು ಸಕ್ಕರೆ ಕಾಯಿಲೆಯವರ ಪಾದದ ನಡುಭಾಗದಲ್ಲಿ.

1966ರಲ್ಲಿ ಸಿಡ್ನಿ ಐಖನ್‌ಹೋಲ್ಟ್ಸ್ ಎಕ್ಸ್‌ರೇ ಆಧಾರದ ಮೇಲೆ ಮೂರು ಹಂತ ಹೇಳಿದರು: ಮೂಳೆ ಚೂರಾಗುವುದು, ಚೂರುಗಳು ಕೂಡಿಕೊಳ್ಳುವುದು, ಆದ ಆಕಾರದಲ್ಲೇ ಗಟ್ಟಿಯಾಗುವುದು. ಈ ವಿಂಗಡಣೆ ಉಪಯುಕ್ತವೇ. ಆದರೆ ಮೂಳೆ ಒಡೆದ ಮೇಲೆಯೇ ರೋಗ ಶುರುವಾಯಿತೆಂಬ ಭಾವನೆಗೂ ಅದು ಎಡೆಮಾಡಿತು ಎಂಬುದು ನನ್ನ ಅನಿಸಿಕೆ. ಪಾದ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿದ್ದೂ ಎಕ್ಸ್‌ರೇ ಸರಿಯಾಗಿರುವ ‘ಸೊನ್ನೆ ಹಂತ’ವನ್ನು 1990ರಲ್ಲಿ ಶಿಬಾಟ ಮತ್ತು ಸಂಗಡಿಗರು ಸೇರಿಸಿದರು. ಅವರು ಗಮನಿಸಿದ್ದು ಕುಷ್ಠರೋಗಿಗಳ ಕಣಕಾಲಿನ ಕೀಲನ್ನು. ಪಾದ ಉಳಿಸಲು ಅವಕಾಶವಿರುವುದು ಈ ಹಂತದಲ್ಲೇ. ಇಲ್ಲಿ ಉಳುಕು, ಗೌಟ್, ಚರ್ಮದ ಸೋಂಕು ಎಂದು ಬರೆದುಕೊಟ್ಟು ಕಳಿಸಿದರೆ ರೋಗಿ ಅದೇ ಕಾಲಿನ ಮೇಲೆ ನಡೆಯುತ್ತಾ ಹೋಗುತ್ತಾರೆ.

ಮೊದಲ ಪರೀಕ್ಷೆ ಎಕ್ಸ್‌ರೇಯೇ. ಸಾಧ್ಯವಾದರೆ ರೋಗಿಯನ್ನು ನಿಲ್ಲಿಸಿ ತೆಗೆಯಬೇಕು, ಎರಡೂ ಪಾದಗಳದ್ದು. ಮಲಗಿಸಿ ತೆಗೆದಾಗ ಮುಚ್ಚಿಹೋಗುವ ಕೀಲಿನ ಜಾರುವಿಕೆ ಮೈಭಾರ ಬಿದ್ದಾಗ ತೋರುತ್ತದೆ. ಎರಡನೆಯ ಬೆರಳಿಗೆ ಸೇರುವ ಪಾದದ ಉದ್ದಮೂಳೆಯ ಒಳ ಅಂಚು ಅದರ ಹಿಂದಿನ ಬೆಣೆಮೂಳೆಯ ಒಳ ಅಂಚಿಗೆ ಸರಿಸಾಲಿನಲ್ಲಿರಬೇಕು. ಅಲ್ಲಿ ತುಸು ತಪ್ಪಿದರೂ ಎಚ್ಚರ ಬೇಕು. ಎಕ್ಸ್‌ರೇಯಲ್ಲಿ ಏನೂ ಸಿಗದೆ ಸಂಶಯ ಉಳಿದರೆ ಎಂ.ಆರ್.ಐ.

ತೊಡಕು ಇರುವುದು ಇಲ್ಲೇ. ಶಾರ್ಕೊ ಕೀಲಿನಲ್ಲೂ ಮೂಳೆಯ ಸೋಂಕಿನಲ್ಲೂ ಮಜ್ಜೆಯಲ್ಲಿ ನೀರು ತುಂಬುತ್ತದೆ. ಎರಡೂ ಟಿ1 ಚಿತ್ರದಲ್ಲಿ ಕಪ್ಪು, ಕೊಬ್ಬಿನ ಹೊಳಪನ್ನು ಅಡಗಿಸಿದ ಟಿ2 ಚಿತ್ರದಲ್ಲಿ ಬಿಳುಪು. ಹೊಳಪು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಬೇಕು. ಮಧುಮೇಹಿಯ ಪಾದದ ಮೂಳೆಗೆ ಸೋಂಕು ಹೋಗುವುದು ಹೆಚ್ಚುಕಡಿಮೆ ಯಾವಾಗಲೂ ಚರ್ಮದ ಹುಣ್ಣಿನ ದಾರಿಯಲ್ಲಿ. ಹಾಗಾಗಿ ಅದು ಬೆರಳುಗಳಲ್ಲಿ, ಬೆರಳ ಬುಡದಲ್ಲಿ, ಹಿಮ್ಮಡಿಯಲ್ಲಿ, ಹುಣ್ಣಿನ ಕೆಳಗಿನ ಒಂದು ಮೂಳೆಯಲ್ಲಿ ನೆಲೆಸುತ್ತದೆ. ಶಾರ್ಕೊ ರೋಗ ನಡುಪಾದದ ಹಲವು ಕೀಲುಗಳ ಅಂಚಿನಲ್ಲಿ ಹರಡಿರುತ್ತದೆ. ಮೇಲಿನ ಚರ್ಮ ಅಖಂಡವಾಗಿರುತ್ತದೆ.

ಎರಡೂ ಸೇರಿದಾಗ ಕಷ್ಟ. ಕಮಾನು ಕುಸಿದು ಅಂಗಾಲು ಉಬ್ಬಿ, ಆ ಉಬ್ಬಿನ ಮೇಲೇ ಹುಣ್ಣಾದರೆ ನಡುಪಾದಕ್ಕೂ ಸೋಂಕು ಇಳಿಯಬಲ್ಲದು. ಟಿ1ರಲ್ಲಿ ಅಂಚು ಅಳಿಸಿಹೋದ ಮೂಳೆ ಟಿ2ರಲ್ಲಿ ಮತ್ತೆ ಮೂಡಿದರೆ ಸೋಂಕಿನತ್ತ ವಾಲಬೇಕು. ಇದನ್ನು ‘ಘೋಸ್ಟ್ ಸೈನ್’ ಎನ್ನುತ್ತಾರೆ. ಹಳೆಯ ಚಿತ್ರದಲ್ಲಿದ್ದ ಕೀಲಿನಂಚಿನ ನೀರುಗುಳ್ಳೆಗಳು, ಸಡಿಲ ಚೂರುಗಳು ಈಗ ಮಾಯವಾಗಿದ್ದರೂ ಹಾಗೆಯೇ. ಆಗಲೂ ಸಂದೇಹ ತೀರದಿದ್ದರೆ ಮೂಳೆಯ ಬಯಾಪ್ಸಿಯೇ ಗತಿ.

ಆದ್ದರಿಂದ ಸ್ಕ್ಯಾನ್ ಚೀಟಿಯಲ್ಲಿ ‘ಪಾದದ ಊತ’ ಎಂದಷ್ಟೇ ಬರೆಯಬಾರದು. ಹುಣ್ಣು ಇದೆಯೇ, ಎಲ್ಲಿದೆ, ಕಡ್ಡಿ ಇಳಿಸಿದರೆ ಮೂಳೆ ತಗಲುತ್ತದೆಯೇ, ಸ್ಪರ್ಶ ಎಷ್ಟು ಉಳಿದಿದೆ, ಪಾದಗಳ ಬಿಸಿಯ ಅಂತರವೆಷ್ಟು ಎಂಬಿಷ್ಟನ್ನಾದರೂ ಬರೆಯಬೇಕು. ವರದಿ ಬರುವ ತನಕ ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು.