ಹೇರಿನಿಂದ ಆಕ್ಸಲ್‌ವರೆಗೆ: ಸರಕು ಸಾಗಣೆಯ ಕಾನೂನು ತೂಗಿದ್ದೇನನ್ನು?

ಮೋಟಾರು ವಾಹನ ಕಾಯ್ದೆ ಎಂದೊಡನೆ ನಮಗೆ ಹೆಲ್ಮೆಟ್, ವೇಗಮಿತಿ, ದಂಡದ ರಸೀದಿ ನೆನಪಾಗುತ್ತವೆ. ಈ ಕಾನೂನು ಹುಟ್ಟಿದ್ದೇ ಅಪಘಾತ ತಡೆಯಲು ಎಂಬ ನಂಬಿಕೆಯೂ ಸಾಮಾನ್ಯ. ಸರಕು ಸಾಗಿಸುವ ಲಾರಿಯ ಮಟ್ಟಿಗಂತೂ ಈ ನಂಬಿಕೆಗೆ ಚರಿತ್ರೆಯ ಆಧಾರ ಕಡಿಮೆ. ಸರ್ಕಾರ ಲಾರಿಯನ್ನು ಮೊದಲು ಕಂಡದ್ದು ರೈಲ್ವೆಯ ವರಮಾನಕ್ಕೆ ಕುತ್ತು ತರುವ ಪೈಪೋಟಿಯಾಗಿ, ಆಮೇಲೆ ತೆರಿಗೆಯ ಮೂಲವಾಗಿ. ಜೀವಕ್ಕೆ ಅಪಾಯ ತರಬಲ್ಲ ಯಂತ್ರವೆಂದು ಗಂಭೀರವಾಗಿ ಕಂಡದ್ದು ಇವೆರಡರ ನಂತರ. ಹೆದ್ದಾರಿಯಲ್ಲಿ ಇಂದು ಯಾವುದರ ತಪಾಸಣೆ ನಡೆಯುತ್ತದೆ, ಯಾವುದು ಹಾಗೇ ದಾಟಿಹೋಗುತ್ತದೆ ಎಂಬುದನ್ನು ಈ ಸರದಿಯೇ ಬಹುಮಟ್ಟಿಗೆ ನಿರ್ಧರಿಸಿದೆ ಎಂಬುದು ಈ ಲೇಖನದ ವಾದ.

ಸಾಗುವ ಸರಕಿನ ಮೇಲೆ ಆಳುವವರು ಕಣ್ಣಿಟ್ಟದ್ದು ಹೊಸತೇನಲ್ಲ. ಕಲ್ಯಾಣ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಯಂಥ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಎತ್ತು, ಕತ್ತೆಗಳ ಮೇಲಿನ ಹೇರು ಸುಂಕದ ಲೆಕ್ಕಕ್ಕೆ ಅಳತೆಯಾಗಿತ್ತು. ತಾಳಲಾರದಷ್ಟು ಹೇರಿದರೆ ಎತ್ತು ದಾರಿಯಲ್ಲೇ ಕುಳಿತುಬಿಡುತ್ತಿತ್ತು, ಅದಕ್ಕೆ ಬೇರೆ ಕಾನೂನು ಬೇಕಿರಲಿಲ್ಲ. ಎಂಜಿನ್ನಿಗೆ ಆ ಬುದ್ಧಿಯಿಲ್ಲ.

1914ರ ಭಾರತೀಯ ಮೋಟಾರು ವಾಹನ ಕಾಯ್ದೆ ನೋಂದಣಿ ಮತ್ತು ಚಾಲನಾ ಪರವಾನಗಿಗಳ ಚಿಕ್ಕ ಕಾಯ್ದೆ. ನಿಜವಾದ ತಿರುವು ಬಂದದ್ದು 1930ರ ದಶಕದಲ್ಲಿ. ಜಗತ್ತಿನ ಆರ್ಥಿಕ ಕುಸಿತದಿಂದ ರೈಲ್ವೆಯ ಆದಾಯ ಇಳಿದಿತ್ತು, ಜೊತೆಗೆ ಹಳಿಯ ಪಕ್ಕದ ರಸ್ತೆಗಳಲ್ಲೇ ಬಸ್ಸು ಲಾರಿಗಳು ಕಡಿಮೆ ಬಾಡಿಗೆಗೆ ಓಡತೊಡಗಿದ್ದವು. ಈ ಪೈಪೋಟಿಯನ್ನು ಅಳೆಯಲು ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಅಧಿಕಾರಿಗಳನ್ನು ನೇಮಿಸಲಾಯಿತು. 1933ರಲ್ಲಿ ಶಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನ ನಡೆಯಿತು. 1937ರಲ್ಲಿ ವೆಜ್‌ವುಡ್ ಸಮಿತಿ ರೈಲ್ವೆಯ ಹಣಕಾಸನ್ನು ಪರಿಶೀಲಿಸಿ, ರಸ್ತೆ ಸಾಗಣೆಗೆ ಕಡಿವಾಣ ಬೇಕೆಂಬ ವಾದಕ್ಕೆ ಬಲ ಕೊಟ್ಟಿತು. ಇವೆಲ್ಲದರ ಫಲ 1939ರ ಮೋಟಾರು ವಾಹನ ಕಾಯ್ದೆ.

ಆ ಕಾಯ್ದೆಯ 43ನೇ ಸೆಕ್ಷನ್ ಗಮನವಿಟ್ಟು ಓದಬೇಕಾದದ್ದು. ರಸ್ತೆ ಸಾಗಣೆಯನ್ನು ನಿಯಂತ್ರಿಸುವಾಗ ಪ್ರಾಂತ ಸರ್ಕಾರ ಯಾವುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ಹೇಳುತ್ತದೆ: ಮೋಟಾರು ಸಾಗಣೆಯಿಂದ ಜನರಿಗೂ ವ್ಯಾಪಾರಕ್ಕೂ ಆಗುವ ಅನುಕೂಲ, ರಸ್ತೆ ಮತ್ತು ರೈಲಿನ ಹೊಂದಾಣಿಕೆ, ರಸ್ತೆ ಹಾಳಾಗದಂತೆ ಕಾಯುವುದು, ವಾಹನಗಳ ನಡುವಿನ ಅತಿಯಾದ ಪೈಪೋಟಿಯನ್ನು ತಡೆಯುವುದು. ದಾರಿಹೋಕನ ಜೀವ ಈ ಪಟ್ಟಿಯಲ್ಲಿಲ್ಲ. ಕಾಯ್ದೆಯ ಬೇರೆ ಭಾಗಗಳಲ್ಲಿ ಸುರಕ್ಷತೆಯ ನಿಯಮಗಳಿದ್ದವು, ಕಡ್ಡಾಯ ಮೂರನೇ ವ್ಯಕ್ತಿಯ ವಿಮೆಯೂ ಇತ್ತು. ಆ ವಿಮೆ ಜಾರಿಗೆ ಬಂದದ್ದು ಮಾತ್ರ 1946ರಲ್ಲಿ. ಲಾರಿ ಎಲ್ಲಿ ಓಡಬಹುದೆಂದು ಗೊತ್ತುಪಡಿಸುವ ಪರ್ಮಿಟ್ ಪದ್ಧತಿಯ ಒಳಗುರಿ ಬೇರೆಯೇ ಇತ್ತು. ದೂರದ ಸರಕು ರೈಲಿಗೆ ಉಳಿಯಬೇಕು, ಲಾರಿ ತನ್ನ ಸೀಮೆಯೊಳಗೆ ತಿರುಗಾಡಬೇಕು. ಸ್ವಾತಂತ್ರ್ಯ ಬಂದಮೇಲೂ ಈ ಚೌಕಟ್ಟು ಕದಲಲಿಲ್ಲ. ದೇಶದುದ್ದಕ್ಕೂ ಸರಕು ಒಯ್ಯುವ ನ್ಯಾಷನಲ್ ಪರ್ಮಿಟ್ ಬರಲು 1970ರ ದಶಕ ಬೇಕಾಯಿತು.

ಅಷ್ಟರಲ್ಲಿ ರೈಲಿನ ಜಾಗಕ್ಕೆ ತೆರಿಗೆ ಬಂದು ಕುಳಿತಿತ್ತು. ಊರ ಬಾಗಿಲಿನ ಆಕ್ಟ್ರಾಯ್ ನಾಕೆಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ತೆಗೆದು ಪ್ರವೇಶ ತೆರಿಗೆ ತಂದಿತು. ಗಡಿಯ ಮಾರಾಟ ತೆರಿಗೆ ಚೆಕ್‌ಪೋಸ್ಟುಗಳು ಮಾತ್ರ 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಉಳಿದವು. ಅಲ್ಲಿ ಕಾದು ಕಳೆದ ಹೊತ್ತನ್ನು ಚಾಲಕ ಮುಂದಿನ ದಾರಿಯಲ್ಲಿ ವೇಗದಿಂದಲೋ ನಿದ್ದೆಗೆಟ್ಟೋ ತುಂಬಿಕೊಳ್ಳಬೇಕಿತ್ತು. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಇದಕ್ಕೊಂದು ಅಂಕಣವಿರಲಿಲ್ಲ.

ತೂಕದ ಕಥೆ ಇನ್ನೂ ಸಂಕೀರ್ಣ. 1939ರದ್ದರ ಜಾಗಕ್ಕೆ ಬಂದ 1988ರ ಮೋಟಾರು ವಾಹನ ಕಾಯ್ದೆ ಮಿತಿ ಮೀರಿದ ಭಾರವನ್ನು ನಿಷೇಧಿಸಿ, ಹೆಚ್ಚುವರಿ ಸರಕನ್ನು ಇಳಿಸುವಂತೆ ಹೇಳುವ ಅಧಿಕಾರವನ್ನೂ ಕೊಟ್ಟಿತು. 1994ರ ತಿದ್ದುಪಡಿಯಿಂದ ದಂಡ ಕನಿಷ್ಠ 2,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 1,000 ರೂಪಾಯಿ ಎಂದಾಯಿತು. ಆದರೆ ಬಾಡಿಗೆ ಸಿಗುವುದು ಟನ್ನಿನ ಲೆಕ್ಕದಲ್ಲಿ. ಡೀಸೆಲ್, ಚಾಲಕನ ಬತ್ತೆ, ಸಾಲದ ಕಂತು ಇವು ಲೋಡು ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಾಗಾಗಿ ಕೊನೆಗೆ ಹೇರಿದ ಟನ್ನಿನಲ್ಲೇ ಲಾಭ ಹೆಚ್ಚು. ದಂಡ ಕಟ್ಟಿಯೂ ಗಿಟ್ಟುವುದಾದರೆ ಓವರ್‌ಲೋಡ್ ಅಪರಾಧವಾಗಿ ಉಳಿಯದೆ ವ್ಯಾಪಾರದ ಖರ್ಚಾಗುತ್ತದೆ. ಕೆಲವು ರಾಜ್ಯಗಳು ಇದನ್ನೇ ಪದ್ಧತಿಯಾಗಿಸಿದವು: ಹಣ ಕಟ್ಟಿಸಿಕೊಂಡು, ಹೆಚ್ಚುವರಿ ಭಾರದೊಂದಿಗೇ ಲಾರಿಯನ್ನು ಮುಂದೆ ಬಿಡುವುದು. ಖಜಾನೆಗೆ ಹಣ ಬಂತು. ಘಾಟಿಯಲ್ಲಿ ಇಳಿಯುವಾಗ ಬ್ರೇಕ್ ಹಿಡಿಯಬೇಕಾದ ತೂಕವಂತೂ ಒಂದು ಕಿಲೋ ಕೂಡ ಇಳಿಯಲಿಲ್ಲ. 2005ರ ನವೆಂಬರಿನಲ್ಲಿ ಪರಮ್‌ಜಿತ್ ಭಾಸಿನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಭಾರ ಒಯ್ಯುವ ಹಕ್ಕು ಬರುವುದಿಲ್ಲ, ಸರಕು ಇಳಿಸಿಯೇ ಮುಂದೆ ಹೋಗಬೇಕು ಎಂದಿತು. ಕಾಯ್ದೆಯಲ್ಲಿ ಮೊದಲೇ ಇದ್ದ ಮಾತನ್ನು ಹೇಳಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯಿತು.

ತೀರ್ಪು ಬಂದ ವರ್ಷಗಳಲ್ಲೇ ಬಳ್ಳಾರಿ–ಹೊಸಪೇಟೆಯ ಅದಿರು ಲಾರಿಗಳು ಅರಬೈಲು ಘಾಟಿ ಇಳಿದು ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತ್ತು, ಲಾರಿಗಳ ಭಾರವೂ ಏರಿತ್ತು. ದಾರಿಯುದ್ದಕ್ಕೂ ಕೆಂಧೂಳು, ಗುಂಡಿಬಿದ್ದ ರಸ್ತೆ, ಅಪಘಾತಗಳ ಬಗ್ಗೆ ಜನ ಗೋಳಿಡುತ್ತಿದ್ದರು. ಆದರೆ ಈ ಹೆಚ್ಚುವರಿ ಭಾರ ರಾಜ್ಯವನ್ನೇ ಅಲುಗಿಸುವ ವಿಷಯವಾದದ್ದು ಬೇರೆ ದಾರಿಯಿಂದ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಮತ್ತು 2011ರಲ್ಲಿ ಕೊಟ್ಟ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಅದಿರು ಸಾಗಣೆಯ ಓವರ್‌ಲೋಡನ್ನೂ ಪರಿಶೀಲಿಸಿದವು. ತರ್ಕ ಸರಳ: ಕಾಗದದಲ್ಲಿರುವ ತೂಕಕ್ಕಷ್ಟೇ ರಾಜಧನ ಸಲ್ಲುತ್ತದೆ, ಅದಕ್ಕಿಂತ ಹೆಚ್ಚು ಹೋದದ್ದೆಲ್ಲ ಖಜಾನೆಗೆ ನಷ್ಟ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಲ್ಲಿಸಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಘಾಟಿಯ ರಸ್ತೆ ಹಗುರಾಯಿತು. ಅದನ್ನು ಹಗುರ ಮಾಡಿದ್ದು ಸಾರಿಗೆ ಕಾನೂನಲ್ಲ, ಗಣಿ ಮತ್ತು ಅರಣ್ಯದ ಕಾನೂನು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ ಹೋಯಿತು: ಮುಂದಿನ ಆಕ್ಸಲ್‌ಗೆ 6ರ ಬದಲು 7, ನಾಲ್ಕು ಟೈರುಗಳ ಹಿಂದಿನ ಆಕ್ಸಲ್‌ಗೆ 10.2ರ ಬದಲು 11.5 ಟನ್. ಸಾಗಣೆ ವೆಚ್ಚ ಇಳಿಯುತ್ತದೆ ಎಂಬುದು ಸರ್ಕಾರದ ಸಮರ್ಥನೆ, ಅದು ಸುಳ್ಳಲ್ಲ. ಆದರೆ ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಗೆ ನಡೆದ ರಸ್ತೆ ಪರೀಕ್ಷೆಗಳಿಂದ ಎಂಜಿನಿಯರುಗಳು ಕಲಿತ ಒಂದು ಲೆಕ್ಕವಿದೆ. ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತದಂತೆ ಏರುತ್ತದೆ. ಆ ಪ್ರಕಾರ ಹಿಂದಿನ ಆಕ್ಸಲ್‌ನ ಭಾರ ಶೇ. 13ರಷ್ಟು ಹೆಚ್ಚಿದರೆ ಹಾನಿ ಶೇ. 60ರಷ್ಟು ಹೆಚ್ಚುತ್ತದೆ. ಸಾಗಣೆಯಲ್ಲಿ ಉಳಿದ ಹಣದ ಒಂದು ಪಾಲು ಡಾಂಬರಿಗೆ ಹೋಗುತ್ತದೆ, ಆ ಲೆಕ್ಕ ಇನ್ನೊಂದು ಇಲಾಖೆಯ ಕಡತದಲ್ಲಿರುತ್ತದೆ. 2019ರ ಸೆಪ್ಟೆಂಬರ್ 1ರಿಂದ ಓವರ್‌ಲೋಡ್ ದಂಡವೂ 20,000 ರೂಪಾಯಿಗೆ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000ಕ್ಕೆ ಏರಿತು. ಒಂದು ಕೈಯಲ್ಲಿ ಮಿತಿ ಸಡಿಲಿಸಿ ಇನ್ನೊಂದು ಕೈಯಲ್ಲಿ ದಂಡ ಬಿಗಿ ಮಾಡಿದ ಈ ಜೋಡಿಯಲ್ಲಿ ಒಂದು ತರ್ಕವಿದೆ, ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಪಾಲಿಸಲಾಗದ ಮಿತಿಗಿಂತ ಪಾಲಿಸಬಹುದಾದ ಮಿತಿ ಮೇಲು. ಆದರೆ ಲೋಡು ಎಷ್ಟಿರಬೇಕೆಂದು ಹೇಳುವವನು ಸರಕಿನ ಒಡೆಯ, ತಪಾಸಣೆಗೆ ಸಿಕ್ಕಿಬೀಳುವವನು ಚಾಲಕ. 1865ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ, ಮಿತಿ ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಸಾಗಣೆ ಕಂಪನಿಗೂ ಹೊರಿಸಿದೆ. ಆದರೂ ಬ್ರೇಕ್ ಇನ್ಸ್‌ಪೆಕ್ಟರ್ ಕೈ ತೋರಿಸಿ ನಿಲ್ಲಿಸುವುದು ಲಾರಿಯನ್ನು, ಗೋದಾಮನ್ನಲ್ಲ.

ಈಗ ತೂಕಕ್ಕಿಂತ ಬಿಗಿಯಾಗಿರುವುದು ಗಡಿಯಾರ. ಜಿಎಸ್‌ಟಿಯ ಜೊತೆಗೆ ಬಂದ, ಸಾಗುವ ಸರಕಿಗೆ ಇರಲೇಬೇಕಾದ ಅವಧಿಬದ್ಧ ದಾಖಲೆಯಾದ ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ಜಾರಿಗೆ ತಂದದ್ದು ಕರ್ನಾಟಕ. ಅದು ಬೇಕಾಗುವುದು ಮಾಲಿನ ಬೆಲೆ 50,000 ರೂಪಾಯಿ ದಾಟಿದಾಗ, ಭಾರ ಎಷ್ಟೆಂಬುದರ ಮೇಲಲ್ಲ. ಮೊದಲು 100 ಕಿಲೋಮೀಟರಿಗೆ ಒಂದು ದಿನದ ಅವಧಿಯಿತ್ತು, 2021ರ ಜನವರಿ 1ರಿಂದ ಒಂದು ದಿನಕ್ಕೆ 200 ಕಿಲೋಮೀಟರ್ ಎಂದಾಯಿತು. 200 ಕಿಲೋಮೀಟರ್ ದೊಡ್ಡ ದೂರವಲ್ಲ ನಿಜ. ಆದರೆ ನಗರಗಳಲ್ಲಿ ಹಗಲು ಹೊತ್ತು ಲಾರಿಗೆ ಪ್ರವೇಶವಿಲ್ಲ, ರಸ್ತೆ ತಡೆ, ರಿಪೇರಿ ಎಲ್ಲವೂ ಇದೇ ಅವಧಿಯನ್ನು ತಿನ್ನುತ್ತವೆ. ತೆಲಂಗಾಣದಲ್ಲಿ ಪ್ರತಿಭಟನೆಯಿಂದ ರಸ್ತೆ ಕಟ್ಟಿ, ಬಿಲ್ಲಿನ ಅವಧಿ ಮುಗಿದು, ಕಾಗದದ ಮಾಲಿನ ಮೇಲೆ ತೆರಿಗೆ ಮತ್ತು ದಂಡ ಬಿದ್ದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಜನವರಿಯಲ್ಲಿ ಕೋರ್ಟ್ ತೆರಿಗೆ ಇಲಾಖೆಯ ಮೇಲ್ಮನವಿಯನ್ನು ವಜಾ ಮಾಡಿ ಖರ್ಚನ್ನೂ ಹೊರಿಸಿತು. ಅಷ್ಟು ದೂರ ಹೋಗುವ ಶಕ್ತಿ ಎಲ್ಲ ವ್ಯಾಪಾರಿಗಳಿಗೂ ಇರುವುದಿಲ್ಲ. ಉಳಿದವರು ಚಾಲಕನಿಗೆ ಫೋನು ಮಾಡಿ ಬೇಗ ಬಾ ಎನ್ನುತ್ತಾರೆ.

ಚಾಲಕನ ಗಂಟೆಗಳ ಕಾನೂನು ಇದಕ್ಕಿಂತ ಬಹಳ ಹಳೆಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದು ಅನ್ವಯಿಸಿದ್ದು ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ, ನಮ್ಮ ಲಾರಿಗಳಲ್ಲಿ ಹೆಚ್ಚಿನವು ಒಂದೆರಡು ಲಾರಿಗಳ ಸಣ್ಣ ಮಾಲೀಕರವು. 1988ರ ಕಾಯ್ದೆಯ 91ನೇ ಸೆಕ್ಷನ್ ಈ ಗಂಟೆಗಳನ್ನು ಸಾರಿಗೆ ವಾಹನದ ಎಲ್ಲ ಚಾಲಕರಿಗೂ ವಿಸ್ತರಿಸಿತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಇನ್ನೊಬ್ಬನಿಗೆ ಮೈಚಾಚಿ ಮಲಗಲು ಜಾಗವಿರಬೇಕು ಎಂಬ ನಿಯಮವೂ ಇತ್ತು. 2018ರ ನವೆಂಬರಿನಲ್ಲಿ ಆ ಇಬ್ಬರ ಕಡ್ಡಾಯವನ್ನು ಕೈಬಿಡಲಾಯಿತು. ಅವಧಿಯ ಬಿಲ್ಲು ಬಂದ ವರ್ಷವೇ ಎರಡನೇ ಚಾಲಕ ಕೆಳಗಿಳಿದದ್ದನ್ನು ಎರಡು ಬೇರೆ ಸಚಿವಾಲಯಗಳ ಕಾಕತಾಳೀಯವೆಂದೇ ಇಟ್ಟುಕೊಂಡರೂ, ಎರಡೂ ಬಂದು ಕೂಡಿದ್ದು ಒಂದೇ ಕ್ಯಾಬಿನ್ನಿನಲ್ಲಿ.

2021ರಿಂದ ಟೋಲ್ ಗೇಟಿನ ಫಾಸ್ಟ್ಯಾಗ್ ಮಾಹಿತಿ ಇ-ವೇ ಬಿಲ್ ವ್ಯವಸ್ಥೆಗೆ ಸೇರುತ್ತಿದೆ. ಯಾವ ಲಾರಿ ಯಾವ ಗೇಟನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದು ತೆರಿಗೆ ಅಧಿಕಾರಿಯ ಪರದೆಯ ಮೇಲೆ ಕಾಣುತ್ತದೆ. ಒಬ್ಬನೇ ಚಾಲಕ ಎಡೆಬಿಡದೆ ಎಷ್ಟು ಗಂಟೆ ಓಡಿಸಿರಬಹುದೆಂದು ಅದೇ ಅಂಕಿಗಳಿಂದ ಅಂದಾಜು ಮಾಡಬಹುದು. ಆ ಜೋಡಣೆಯನ್ನು ಮಾಡಿದ್ದು ತೆರಿಗೆ ತಪ್ಪಿಸುವವರನ್ನು ಹಿಡಿಯಲು.